ಫೇಸ್ ಜೆಲ್‌ಗೆ ಕಾಸ್ಟಿಕ್ ಸೋಡಾ: ಯಾಕೆ, ಎಷ್ಟು, ಹೇಗೆ

ಜೆಲ್ ಡಬ್ಬಿಯ ಹಿಂದೆ ‘ಸೋಡಿಯಂ ಹೈಡ್ರಾಕ್ಸೈಡ್’ ಅಂತ ಓದಿದ ನನ್ನ ಅಕ್ಕನ ಮಗಳು ಅದನ್ನು ಮುಖಕ್ಕೆ ಹಚ್ಚೋದೇ ಬಿಟ್ಟಳು. ಅವಳ ಭಯಕ್ಕೆ ಕಾರಣ ಇದೆ. ಕಟ್ಟಿಕೊಂಡ ಸಿಂಕಿಗೆ ಸುರಿಯುವ ಕಾಸ್ಟಿಕ್ ಸೋಡಾ ಇದೇ. ಹಾಗೇ ಮುಟ್ಟಿದರೆ ಚರ್ಮ ಸುಡುತ್ತದೆ. ಆದರೆ ಸರಿಯಾಗಿ ಮಾಡಿದ ಜೆಲ್‌ನಲ್ಲಿ ಅದು ಹುಳಿಯ (ಆಸಿಡ್) ಜೊತೆ ಸೇರಿ ಉಪ್ಪಾಗಿಬಿಟ್ಟಿರುತ್ತದೆ. ನೋಡಬೇಕಾದ್ದು ತಯಾರಾದ ಜೆಲ್‌ನ ಪಿಎಚ್, ಅಂದರೆ ಹುಳಿಯ ಅಳತೆ. ಅಂಕಿ ಕಮ್ಮಿಯಾದಷ್ಟೂ ಹುಳಿ ಜಾಸ್ತಿ. ನಮ್ಮ ಚರ್ಮದ್ದು 5ರ ಆಸುಪಾಸು ಇರುತ್ತದೆ.

ನಾನು ಮಾಡುವುದು ಹೀಗೆ. 100 ಗ್ರಾಂ ಡಿಸ್ಟಿಲ್ಡ್ ವಾಟರ್ ಮೇಲೆ ಅರ್ಧ ಗ್ರಾಂ ಕಾರ್ಬೊಮರ್ (ಜೆಲ್ ಗಟ್ಟಿ ಮಾಡುವ ಹುಳಿ ಗುಣದ ಪುಡಿ) ಉದುರಿಸಿ ನೆನೆಯಲು ಬಿಡುತ್ತೇನೆ. ಆಗ ಅದು ಬರೀ ಮಬ್ಬು ನೀರು, ಪಿಎಚ್ 3ರ ಹತ್ತಿರ. ಕಾಸ್ಟಿಕ್ ದ್ರಾವಣ ತೊಟ್ಟು ತೊಟ್ಟಾಗಿ ಬೀಳುತ್ತಿದ್ದಂತೆ ಕಾರ್ಬೊಮರ್ ಅಣುಗಳ ಸುರುಳಿಗಳು ಬಿಚ್ಚಿಕೊಂಡು ನೀರನ್ನು ಹಿಡಿದುಕೊಳ್ಳುತ್ತವೆ. ಮಬ್ಬು ತಿಳಿಯಾಗುತ್ತದೆ, ಚಮಚ ತಿರುಗಿಸುವ ಕೈಗೆ ಭಾರ ಗೊತ್ತಾಗುತ್ತದೆ. ಇಷ್ಟಕ್ಕೆ 10 ಶೇಕಡಾ ದ್ರಾವಣ ಸುಮಾರು 2 ಗ್ರಾಂ ಸಾಕು. ಅಂದರೆ ಕಾಸ್ಟಿಕ್ ಬರೀ 0.2 ಗ್ರಾಂ!

ಜೋಪಾನವಾಗಿರಬೇಕಾದ್ದು ದ್ರಾವಣ ಮಾಡುವಾಗ. ಗಾಜಿನ ಬೀಕರಿನಲ್ಲಿ 18 ಗ್ರಾಂ ತಣ್ಣೀರು, ಅದಕ್ಕೆ 2 ಗ್ರಾಂ ಕಾಸ್ಟಿಕ್ ನಿಧಾನವಾಗಿ. ಕಾಸ್ಟಿಕ್ ಮೇಲೆ ನೀರು ಸುರಿಯಲೇಬೇಡಿ, ಕುದ್ದು ಸಿಡಿಯುತ್ತದೆ. ಗ್ಲೌಸ್, ಕನ್ನಡಕ ಬೇಕೇ ಬೇಕು. ಕಿಟಕಿ ತೆಗೆದಿಡಿ, ಮಕ್ಕಳನ್ನು ಹತ್ತಿರ ಬಿಡಬೇಡಿ. ಅಲ್ಯೂಮಿನಿಯಂ ಪಾತ್ರೆ ಬೇಡ, ಅದನ್ನೇ ತಿಂದು ಹೈಡ್ರೋಜನ್ ಬಿಡುತ್ತದೆ. ಮೈಮೇಲೆ ಬಿದ್ದರೆ ನಿಂಬೆರಸ, ವಿನೆಗರ್ ಹುಡುಕುತ್ತಾ ಕೂರದೆ ನಲ್ಲಿಯ ಕೆಳಗೆ ತುಂಬಾ ಹೊತ್ತು ತೊಳೆಯಿರಿ. ಕಣ್ಣಿಗಾದರೆ ತಕ್ಷಣ ತೊಳೆಯಲು ಶುರುಮಾಡಿ, ಕನಿಷ್ಠ 20 ನಿಮಿಷ ತೊಳೆದು ಸೀದಾ ಆಸ್ಪತ್ರೆಗೆ ಹೋಗಿ.

ಪಿಎಚ್ ಮೀಟರನ್ನು 4 ಮತ್ತು 7ರ ಬಫರ್‌ನಲ್ಲಿ (ಪಿಎಚ್ ಮೊದಲೇ ಗೊತ್ತಿರುವ ದ್ರಾವಣ) ಮೊದಲು ಸರಿಮಾಡಿಕೊಳ್ಳಿ. ಗಟ್ಟಿ ಜೆಲ್ ನೇರವಾಗಿ ಅಳೆಯುವುದು ಕಷ್ಟ. 1 ಗ್ರಾಂ ಜೆಲ್ಲನ್ನು 9 ಗ್ರಾಂ ಡಿಸ್ಟಿಲ್ಡ್ ವಾಟರ್‌ನಲ್ಲಿ ಕಲಸಿ ನೋಡಿ. 5.5ರಿಂದ 6ರೊಳಗೆ ಬಂದರೆ ನಿಲ್ಲಿಸಿ. ಕೊನೆಕೊನೆಗೆ ಒಂದೊಂದೇ ತೊಟ್ಟು ಹಾಕಿ, ಯಾಕಂದ್ರೆ ಪಿಎಚ್ ಒಂದು ಅಂಕಿ ಏರಿದರೆ ಹುಳಿ ಹತ್ತು ಪಟ್ಟು ಕಮ್ಮಿಯಾಗುತ್ತದೆ. ಜಾಸ್ತಿಯಾದರೆ ಸಿಟ್ರಿಕ್ ಆಸಿಡ್ ದ್ರಾವಣದಿಂದ ಇಳಿಸಬಹುದು. ಆದರೆ ಹಾಗೆ ಏರಿಸಿ ಇಳಿಸಿ ಮಾಡಿದಷ್ಟೂ ಉಪ್ಪು ಸೇರಿ ಜೆಲ್ ನೀರಾಗುತ್ತದೆ. ನಿಂಬೆರಸ ಮಾತ್ರ ಹಿಂಡಬೇಡಿ. ಅದರ ಹುಳಿ ಹಣ್ಣಿನಿಂದ ಹಣ್ಣಿಗೆ ಬೇರೆ. ಬಿಸಿಲಿಗೆ ಹೋದರೆ ಚರ್ಮ ಸುಟ್ಟು ಕಪ್ಪಾಗಲೂಬಹುದು.

ಜೆಲ್ ಕೆಡದಂತೆ ಕಾಯುವ ಪ್ರಿಸರ್ವೇಟಿವ್ ಕೂಡ ಪಿಎಚ್ ನೋಡಿಯೇ ಆರಿಸಬೇಕು. ಸೋಡಿಯಂ ಬೆಂಜೋಯೇಟ್‌ಗೆ ಇನ್ನೂ ಹುಳಿ ಬೇಕು, ಈ ಜೆಲ್‌ನಲ್ಲಿ ಅದರ ಕೈ ಸಾಗದು. ಫಿನಾಕ್ಸಿಎಥನಾಲ್ ಇಲ್ಲಿ ಕೆಲಸ ಮಾಡುತ್ತದೆ, ಶೇಕಡಾ 1 ಮೀರದಂತೆ ಹಾಕಿ. ಮಾರನೇ ದಿನ ಮತ್ತೆ ಪಿಎಚ್ ನೋಡಿ, ಆಮೇಲೆ ಡಬ್ಬಿಗೆ ತುಂಬಿ.