ಪ್ಲೇಟಿಂಗ್ ಶೆಡ್ಡಿನ ನೀರು ಎಲ್ಲಿಗೆ ಹೋಗಿತ್ತು: ಒಂದು ಕೆಟ್ಟ ಜಾಗ ಸರಿಪಡಿಸಿದ ನನ್ನ ಅನುಭವ

ಬೆಂಗಳೂರಿನ ಕಾಮಾಕ್ಷಿಪಾಳ್ಯ, ಪೀಣ್ಯದ ಕಡೆ ಓಡಾಡಿದರೆ ಲೋಹದ ಮಾಲಿಗೆ ಕ್ರೋಮ್, ನಿಕ್ಕಲ್ ಲೇಪ ಹಾಕುತ್ತಿದ್ದ, ಈಗ ಬಾಗಿಲು ಹಾಕಿದ ಪ್ಲೇಟಿಂಗ್ ಶೆಡ್‌ಗಳು ಸಿಗುತ್ತವೆ. ದೊಡ್ಡ ಮಿಲ್ ಮುಚ್ಚಿದರೆ ಅದರ ಕಥೆಯೇ ಬೇರೆ. ರಾಜಾ ಮಿಲ್ ಇದ್ದ ಕಡೆ ಮಂತ್ರಿ ಮಾಲ್ ಬಂತು. ಸಣ್ಣ ಶೆಡ್ ಹುಡುಕಿಕೊಂಡು ಅಂಥ ಬಿಲ್ಡರ್ ಯಾರೂ ಬರುವುದಿಲ್ಲ. ಅಕ್ಕಪಕ್ಕದ ಲೇತ್ ಅಂಗಡಿಗಳು ಊರಾಚೆ ಹೋಗುತ್ತವೆ, ಗೇಟಿಗೆ ಬಾಡಿಗೆ ಬೋರ್ಡು ಬೀಳುತ್ತದೆ, ಹಿಂದಿನ ವಠಾರದ ಸಂಸಾರಗಳು ಮಾತ್ರ ಅಲ್ಲೇ ಉಳಿಯುತ್ತವೆ. ಅಂಥದೊಂದು ಶೆಡ್ಡಿನ ಜಾಗ ಪರೀಕ್ಷಿಸುವ ಕೆಲಸ ನನಗೆ ಬಂತು. ಮಾಲೀಕರು ಅಲ್ಲಿ ಬಾಡಿಗೆ ಮನೆ ಕಟ್ಟಬೇಕು ಅಂದುಕೊಂಡಿದ್ದರು.

ಇಂಥ ಜಾಗದಲ್ಲಿ ನಾನು ಮಣ್ಣಿಗಿಂತ ಮೊದಲು ನೀರನ್ನು ಹುಡುಕುತ್ತೇನೆ. ಕ್ರೋಮ್ ಪ್ಲೇಟಿಂಗ್ ತೊಟ್ಟಿಯ ದ್ರಾವಣ ದುಬಾರಿ, ಅದನ್ನು ಯಾರೂ ಸುಮ್ನೆ ಚೆಲ್ಲುವುದಿಲ್ಲ. ಮಾಲು ತೊಳೆದ ನೀರು ಮಾತ್ರ ದಿನವಿಡೀ ಹರಿಯುತ್ತಿರುತ್ತದೆ. ತೊಟ್ಟಿಯಿಂದ ತೊಳೆಯುವ ಟ್ಯಾಂಕಿಗೆ ಮಾಲು ಎತ್ತಿಡುವಾಗ ನಡುವೆ ನೆಲಕ್ಕೆ ಹನಿ ಬೀಳುತ್ತದೆ. ವರ್ಷಗಟ್ಟಲೆ ಬಿದ್ದ ಆ ಆಮ್ಲದ ಹನಿ ಸಿಮೆಂಟಿನ ಸಂದು ತಿಂದು ಕೆಳಗಿಳಿಯುತ್ತದೆ. ಮೇಲೆ ಹೊಸ ಗಾರೆ ಬಳಿದಿದ್ದರೆ ಕಣ್ಣಿಗೆ ಏನೂ ಕಾಣುವುದಿಲ್ಲ. ಆದರೆ ಬೇಸಿಗೆಯಲ್ಲಿ ಗೋಡೆಯ ಬುಡ ನೋಡಬೇಕು. ಇಟ್ಟಿಗೆ ಹೀರಿದ ನೀರು ಆರಿ, ಕ್ರೋಮಿಯಂನ ಹಳದಿ ಉಪ್ಪು ಹೊರಗೆ ಕೂರುತ್ತದೆ. ನಮ್ಮ ಶೆಡ್ಡಿನಲ್ಲೂ ಒಂದು ಗೋಡೆಯುದ್ದಕ್ಕೂ ಅದು ಕೂತಿತ್ತು.

ನಕ್ಷೆ, ಮಾಲಿನ್ಯ ನಿಯಂತ್ರಣ ಮಂಡಳಿಯ ಕನ್ಸೆಂಟ್ (ಅನುಮತಿ) ಪತ್ರ ಎಲ್ಲ ತರಿಸಿ ಓದಿದೆ. ನಿಜವಾಗಿ ದಾರಿ ತೋರಿಸಿದವರು ಮಾತ್ರ ಅಲ್ಲಿ ಮೊದಲು ತೊಟ್ಟಿ ನೋಡಿಕೊಳ್ಳುತ್ತಿದ್ದ, ಈಗ ವಠಾರದಲ್ಲೇ ಇರುವ ಒಬ್ಬ ಹಿರಿಯರು. ಅವರನ್ನು ಕರೆತಂದು, "ಯಜಮಾನ್ರೇ, ತೊಟ್ಟಿ ಎಲ್ಲೆಲ್ಲಿತ್ತು, ಸ್ವಲ್ಪ ನಡೆದು ತೋರಿಸ್ತೀರಾ?" ಅಂದೆ. ಅವರು ಪ್ರತಿ ತೊಟ್ಟಿಯ ಮುಂದೆ ನಿಲ್ಲುವ ಹಾಗೆ ನಿಂತು ನಿಂತು ಹೋದರು. ನಾನು ಹಿಂದಿನಿಂದ ಸುಣ್ಣದಲ್ಲಿ ಗುರುತು ಹಾಕಿದೆ. ಕೊನೆಗೆ ಮೂಲೆಯಲ್ಲಿದ್ದ ಒಂದು ಕಲ್ಲುಚಪ್ಪಡಿ ತೋರಿಸಿ, "ಇದರ ಕೆಳಗೆ ಬತ್ತಿದ ಬೋರ್ ಇದೆ ಸಾರ್. ಮೋರಿ ಕಟ್ಟಿಕೊಂಡ್ರೆ ನೀರು ಇದಕ್ಕೇ ಬಿಡ್ತಿದ್ವಿ" ಅಂದರು. ಆ ಬೋರ್ ಯಾವ ನಕ್ಷೆಯಲ್ಲೂ ಇರಲಿಲ್ಲ.

ಬೆಂಗಳೂರಿನ ನೆಲದಲ್ಲಿ ಇದು ದೊಡ್ಡ ಸಂಗತಿ. ಮೇಲೆ ಕೆಂಪು ಮಣ್ಣು, ಅದರಡಿ ಕೊಳೆತ ಬಂಡೆಯ ಪದರ, ಇನ್ನೂ ಕೆಳಗೆ ನೈಸ್ ಎಂಬ ಬಿರುಕುಬಿಟ್ಟ ಗಟ್ಟಿ ಶಿಲೆ. ಮೇಲಿನ ಮಣ್ಣು ವಿಷವನ್ನು ಸ್ವಲ್ಪವಾದರೂ ತಡೆಯುತ್ತದೆ. ಬೋರ್ ಅದನ್ನೆಲ್ಲ ದಾಟಿಸಿ ನೇರ ಬಿರುಕಿಗೆ ಇಳಿಸುತ್ತದೆ. ಅಲ್ಲಿಂದ ಅದು ಯಾರ ಮನೆಯ ಬೋರ್‌ನಲ್ಲಿ ಮೇಲೆ ಬರುತ್ತದೋ ಹೇಳಲು ಆಗುವುದಿಲ್ಲ.

ಹಾಗಾಗಿ ಚೌಕ ಹಾಕಿ ಒಂದೇ ಅಳತೆಯ ದೂರದಲ್ಲಿ ಮಣ್ಣು ತೆಗೆಯುವುದಕ್ಕೆ ನಾನು ಜಾಸ್ತಿ ದುಡ್ಡು ಹಾಕಲಿಲ್ಲ. ಅಲ್ಲಲ್ಲಿ ಕೆಲವು ತೆಗೆದು, ಉಳಿದದ್ದನ್ನು ಸುಣ್ಣದ ಗುರುತು, ಮೋರಿಯ ಸಂದು ಮತ್ತು ಬೋರ್ ಸುತ್ತ ತೆಗೆದೆವು. ಕ್ರೋಮ್ ಲೇಪದ ಉಪಕರಣ ಮುಟ್ಟಲಿಲ್ಲ, ಅದರಿಂದಲೇ ಲೆಕ್ಕ ಕೆಡಬಹುದು. ಲ್ಯಾಬಿಗೆ ಒಟ್ಟು ಕ್ರೋಮಿಯಂ ಸಾಲದು, ಹೆಕ್ಸಾವೇಲೆಂಟ್ ಕ್ರೋಮಿಯಂ ಬೇರೆ ಬೇಕು ಅಂತ ಬರೆದುಕೊಟ್ಟೆ. ನಮ್ಮ ಮಣ್ಣಲ್ಲಿ ಸಹಜವಾಗಿಯೂ ಕ್ರೋಮಿಯಂ ಇರುತ್ತದೆ, ವಿಷ ಹೆಚ್ಚು ಮತ್ತು ನೀರಿನ ಜೊತೆ ಹರಿಯುವುದು ಈ ಹೆಕ್ಸಾವೇಲೆಂಟ್ ರೂಪ. ನೀರಿನ ಮಾದರಿ ಐಸ್ ಪೆಟ್ಟಿಗೆಯಲ್ಲಿಟ್ಟು 24 ಗಂಟೆಯೊಳಗೆ ಪರೀಕ್ಷೆಗೆ ಹೋಗುವ ಹಾಗೆ ನೋಡಿಕೊಂಡೆವು. ಸ್ಥಳದಲ್ಲೇ, ಹೆಕ್ಸಾವೇಲೆಂಟ್ ಕ್ರೋಮಿಯಂ ಇದ್ದರೆ ನೇರಳೆಯಾಗುವ ಡೈಫಿನೈಲ್‌ಕಾರ್ಬಜೈಡ್ ಹಾಕಿ ನೋಡಿದಾಗ ಶೆಡ್ಡಿನ ಬೋರ್ ತಳದಲ್ಲಿ ನಿಂತಿದ್ದ ನೀರು ಕಡು ನೇರಳೆ ಬಣ್ಣಕ್ಕೆ ತಿರುಗಿತು.

ಫಲಿತಾಂಶದಲ್ಲಿ ನಿಕ್ಕಲ್, ಸತು ಮೇಲಿನ ಮಣ್ಣಲ್ಲೇ ನಿಂತಿದ್ದವು. ಕ್ರೋಮಿಯಂ ಆಳಕ್ಕೆ ಹೋಗಿತ್ತು. ಕುಡಿಯುವ ನೀರಿಗೆ ಭಾರತೀಯ ಮಾನಕದ ಮಿತಿ ಲೀಟರಿಗೆ 0.05 ಮಿಲಿಗ್ರಾಂ. ವಠಾರದ ಬೋರ್ ನೀರು ಆ ಮಿತಿ ದಾಟಿತ್ತು. ಅಲ್ಲಿನವರು ಕುಡಿಯಲು ಕಾವೇರಿ ನೀರು ಹಿಡಿಯುತ್ತಿದ್ದರು. ಆದರೆ ಪಾತ್ರೆ, ಬಟ್ಟೆ, ಮಕ್ಕಳ ಸ್ನಾನ ಎಲ್ಲ ಬೋರ್ ನೀರಲ್ಲೇ. ವರದಿ ಮಾಲೀಕರ ಕೈ ಸೇರಿದ ದಿನವೇ ನಾನು ವಠಾರಕ್ಕೂ ಹೋಗಿ ಹೇಳಿದೆ. ಇದನ್ನು ಗುಟ್ಟಾಗಿಡಿ ಅನ್ನುವವರ ಕೆಲಸ ನಾನು ಒಪ್ಪುವುದಿಲ್ಲ. ಮಾಲಿನ್ಯ ನಿಯಂತ್ರಣ ಮಂಡಳಿಗೂ ಪ್ರತಿ ಹೋಯಿತು. ಬೋರ್ ಮೋಟರ್ ನಿಂತಿತು, ಬಳಕೆಗೆ ಟ್ಯಾಂಕರ್ ನೀರಿನ ಖರ್ಚು ಮಾಲೀಕರೇ ಒಪ್ಪಿಕೊಂಡರು.

ಶೆಡ್ ಕೆಡವುವಾಗ ಬಹಳ ಗಟ್ಟಿಯಾಗಿ ನಿಲ್ಲಬೇಕಾಯಿತು. ಜೆಸಿಬಿಯವರು ಒಂದೇ ದಿನದಲ್ಲಿ ಒಡೆದುಹಾಕುತ್ತೇವೆ ಅಂದರು. ಕ್ರೋಮಿಯಂ ಹಿಡಿದ ಆ ಧೂಳು ಉಸಿರಿಗೆ ಹೋದರೆ ಶ್ವಾಸಕೋಶದ ಕ್ಯಾನ್ಸರ್‌ಗೆ ದಾರಿ. ಹಾಗಾಗಿ ಸುತ್ತ ಪರದೆ ಕಟ್ಟಿಸಿ, ನೆಲ ಗೋಡೆ ನೆನೆಸಿ, ತುಂಡು ತುಂಡಾಗಿ ತೆಗೆಸಿದೆವು. ಒಳಗಿದ್ದವರಿಗೆಲ್ಲ ಸರಿಯಾದ ಮಾಸ್ಕ್. ನಮ್ಮಲ್ಲಿ ಒಡೆದ ಇಟ್ಟಿಗೆ ತಗ್ಗು ತುಂಬಲು ಮಾರಾಟವಾಗುತ್ತದೆ, ಅಲ್ವಾ? ಹಳದಿ ಹಿಡಿದ ಒಂದು ಇಟ್ಟಿಗೆಯೂ ಹಾಗೆ ಹೋಗಬಾರದು. ಅದನ್ನು, ಹನಿ ಬಿದ್ದ ಜಾಗದ ಮೇಲ್ಮಣ್ಣನ್ನು, ಅಪಾಯಕಾರಿ ತ್ಯಾಜ್ಯದ 2016ರ ನಿಯಮದಂತೆ ಲೆಕ್ಕ ಬರೆದು, ಅಂಥ ತ್ಯಾಜ್ಯ ಹೂಳುವ ಅಧಿಕೃತ ಗುಂಡಿಗೆ ಕಳಿಸಿದೆವು. ಖರ್ಚಿನಲ್ಲಿ ದೊಡ್ಡ ಪಾಲು ಇದೇ.

ಆಳದ ಮಣ್ಣನ್ನು ಅಗೆಯಲಿಲ್ಲ. ಅನ್ನಭೇದಿಯ, ಅಂದರೆ ಫೆರಸ್ ಸಲ್ಫೇಟಿನ, ದ್ರಾವಣ ಇಳಿಸಿದೆವು. ಕಬ್ಬಿಣ ಆ ಕ್ರೋಮಿಯಂ ಅನ್ನು ಸುಲಭವಾಗಿ ಕರಗದ, ವಿಷ ಕಡಿಮೆಯ ರೂಪಕ್ಕೆ ತರುತ್ತದೆ. ಬೋರ್‌ನ ತಳದಲ್ಲಿದ್ದ ನೀರೆತ್ತಿ ಶುದ್ಧೀಕರಿಸಿ, ತಳದಿಂದ ಮೇಲಕ್ಕೆ ಸಿಮೆಂಟ್, ಬೆಂಟೊನೈಟ್ ಜೇಡಿಮಣ್ಣು ತುಂಬಿ ಮುಚ್ಚಿದೆವು. ಬಾಯಿಗೆ ಚಪ್ಪಡಿ ಎಳೆದರೆ ಬೋರ್ ಮುಚ್ಚಿದಂತೆ ಅಲ್ಲ.

ಬಾಡಿಗೆ ಮನೆ ಬೇಡ ಅಂತ ಮಾಲೀಕರಿಗೆ ನೇರವಾಗಿ ಹೇಳಿದೆ. ಮಕ್ಕಳು ಆಡುವ, ಗಿಡ ನೆಡುವ ಜಾಗ ಮಾಡುವಷ್ಟು ಶುದ್ಧ ಮಾಡಲು ಅವರ ಬಳಿ ದುಡ್ಡಿರಲಿಲ್ಲ. ದಪ್ಪ ಕಾಂಕ್ರೀಟ್ ನೆಲದ, ಒಂದೇ ಅಂತಸ್ತಿನ ಗೋದಾಮು ಮಾಡಿದರೆ ಮಳೆ ನೀರು ಕೆಳಗಿಳಿಯುವುದಿಲ್ಲ, ಬಾಡಿಗೆಯೂ ಬರುತ್ತದೆ. ಬಹಳ ಚರ್ಚೆಯಾಗಿ ಅದಕ್ಕೇ ಒಪ್ಪಿದರು.

ನಕ್ಷೆ ಮಾಡಿದವರು ವಾಡಿಕೆಯಂತೆ ಮಳೆಕೊಯ್ಲಿಗೆ ಇಂಗುಗುಂಡಿ ಹಾಕಿದ್ದರು. ಬೇರೆ ಸೈಟಿನಲ್ಲಿ ಅದು ಒಳ್ಳೆಯದೇ. ಇಲ್ಲಿ ಇಂಗಿದ ಪ್ರತಿ ಹನಿಯೂ ಉಳಿದ ಕ್ರೋಮಿಯಂ ಅನ್ನು ವಠಾರದ ಕಡೆಗೆ ತಳ್ಳುತ್ತದೆ. ಗುಂಡಿ ತೆಗೆಸಿ, ಚಾವಣಿಯ ನೀರೆಲ್ಲ ಸೋರದ ಸಂಪ್ ತೊಟ್ಟಿಗೆ ಬೀಳುವಂತೆ ಬದಲಿಸಿದೆವು. ಕಲುಷಿತ ಜಾಗ ಅಂತ ಗೊತ್ತಿರುವ ಕಡೆ ಇಂಗುಗುಂಡಿ ಕೂಡದು ಅಂತ ನಕ್ಷೆ ಮಂಜೂರು ಮಾಡುವವರೇ ಕೇಳಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

2025ರ ಜುಲೈನಲ್ಲಿ ಕೇಂದ್ರ ಸರ್ಕಾರ ಕಲುಷಿತ ತಾಣಗಳಿಗೇ ನಿಯಮ ತಂದಿದೆ. ಕೆಡಿಸಿದವರೇ ಖರ್ಚು ಕೊಡಬೇಕು ಅನ್ನುತ್ತದೆ ಅದು. ನಮ್ಮ ಕೆಲಸ ನಡೆದದ್ದು ಅದಕ್ಕೂ ಮೊದಲು, ಮಾಲೀಕರು ಒಪ್ಪಿದ್ದರಿಂದ. ಈಗ ಗೋದಾಮಿನಲ್ಲಿ ಸ್ಕೂಟರ್ ಬಿಡಿಭಾಗಗಳಿವೆ. ವಠಾರದ ಬೋರ್ ನೀರಲ್ಲಿ ಕ್ರೋಮಿಯಂ ಇಳಿದಿದೆ, ಮಿತಿಯೊಳಗೆ ಇನ್ನೂ ಬಂದಿಲ್ಲ. ಮೋಟರ್ ಹಾಕುವಂತಿಲ್ಲ. ಗಡಿಯ ಪರೀಕ್ಷಾ ಬೋರ್‌ನಿಂದ ಮಳೆಗಾಲದ ಮುಂಚೆ ಒಮ್ಮೆ, ಆಮೇಲೆ ಒಮ್ಮೆ ನೀರು ತೆಗೆಯುತ್ತೇವೆ. ಇಲ್ಲಿ ಬೋರ್ ಕೊರೆಯಬಾರದು, ನೆಲ ಒಡೆಯುವ ಮೊದಲು ವರದಿ ಓದಬೇಕು ಎಂದು ಬಾಡಿಗೆ ಕರಾರಿನಲ್ಲೇ ಬರೆಸಿದ್ದೇವೆ.