ಪರೀಕ್ಷೆ ಭಯಕ್ಕೆ ತರಗತಿಯಲ್ಲೇ ಮಾಡಿಸಬಹುದಾದ ಅಭ್ಯಾಸ

ಕಲಬುರಗಿ, ಬೀದರ್, ಯಾದಗಿರಿಯಲ್ಲಿ ಹತ್ತನೇ ತರಗತಿ, ಪಿಯುಸಿ ಮಕ್ಕಳಿಗೆ ಕಲಿಸುವ ಗುರುಗಳೇ, ಅಮೆರಿಕದ ಮನಶ್ಶಾಸ್ತ್ರಜ್ಞ ಸ್ಟೀವನ್ ಹೇಯ್ಸ್ 1980ರ ದಶಕದಲ್ಲಿ ರೂಪಿಸಿದ ಆಕ್ಸೆಪ್ಟೆನ್ಸ್ ಅಂಡ್ ಕಮಿಟ್‌ಮೆಂಟ್ ಥೆರಪಿ ಎಂಬ ಮನೋಚಿಕಿತ್ಸೆಯ ಒಂದು ಭಾಗ ಈ ಅಭ್ಯಾಸ. ಭಯ ಓಡಿಸುವುದಲ್ಲ, ಭಯ ಇದ್ದಾಗಲೂ ಬೇಕಾದ ಕೆಲಸ ಮಾಡುವುದನ್ನು ಕಲಿಸುವುದು ಇದರ ಗುರಿ.

ತನ್ನನ್ನು ಕಾಡುವ ಮಾತನ್ನು ಮಗು ನೋಟ್‌ಬುಕ್ಕಿನ ಕೊನೆ ಹಾಳೆಯಲ್ಲಿ ಬರೆಯಲಿ: ‘ನಾ ಫೇಲಾಗ್ತೀನಿ.’ ಅದರ ಕೆಳಗೆ, ‘ನಾ ಫೇಲಾಗ್ತೀನಿ ಅನ್ನೋ ವಿಚಾರ ಬರ್ಲಾಕತ್ತದ.’ ಮೂರನೇ ಸಾಲು, ‘ಆ ವಿಚಾರ ಬರೋದು ನನಗ ಕಾಣ್ಲಾಕತ್ತದ.’ ಒಂದೊಂದು ಸಾಲಿಗೆ 10 ಸೆಕೆಂಡು, ಮನಸ್ಸಿನಲ್ಲೇ ಓದಲಿ. ವಿಚಾರ ಅಲ್ಲೇ ಇರುತ್ತದೆ, ಹಿಡಿತ ಸಡಿಲವಾಗುತ್ತದೆ. ಭಾಷೆ ತಿದ್ದಬೇಡಿ. ಮನೆಯಲ್ಲಿ ಉರ್ದು, ತೆಲುಗು, ಮರಾಠಿ ಆಡುವ ಮಗು ಅದರಲ್ಲೇ ಬರೆಯಲಿ. ಭಯ ಬರುವುದೂ ಆ ಭಾಷೆಯಲ್ಲೇ.

ಹೆಚ್ಚಾಗಿ ಎಡವುವುದು ಇಲ್ಲಿ: ‘ಏನೂ ಆಗಲ್ಲ, ಧೈರ್ಯವಾಗಿರು’ ಎಂದುಬಿಡುತ್ತೇವೆ. ಮಗು ಆಗ ‘ಭಯ ಹೋಯ್ತಾ?’ ಎಂದು ಒಳಗೇ ತಡಕುತ್ತಾ ಕೂರುತ್ತದೆ, ಭಯ ಹೆಚ್ಚುತ್ತದೆ. ಎಲ್ಲರೆದುರು ಗಟ್ಟಿಯಾಗಿ ಓದಿಸುವುದೂ ಬೇಡ.

ಆಮೇಲೆ ‘ಯಾಕ ಓದಬೇಕು?’ ಎಂದು ಕೇಳಿ. ‘90 ಪರ್ಸೆಂಟ್’ ಅಂದರೆ ಅದು ಗುರಿ, ಮೌಲ್ಯವಲ್ಲ. ಮೌಲ್ಯ ಅಂದರೆ ಮಗುವಿಗೆ ನಿಜಕ್ಕೂ ಮುಖ್ಯವಾದದ್ದು: ‘ತಂಗಿಗೆ ನಾನೇ ಹೇಳಿಕೊಡಬೇಕು’ ಅನ್ನುವಂಥದ್ದು. ಅದಕ್ಕೆ ಹೊಂದುವ ಸಣ್ಣ ಹೆಜ್ಜೆ ಬರೆಸಿ: ಇವತ್ತು ಸಂಜೆ 7ಕ್ಕೆ, 20 ನಿಮಿಷ, ಎರಡು ಲೆಕ್ಕ. ‘ಚೆನ್ನಾಗಿ ಓದ್ತೀನಿ’ ಅನ್ನುವುದನ್ನು ಒಪ್ಪಬೇಡಿ, ಸಮಯ ಇರಲೇಬೇಕು.

ಊಟ, ನಿದ್ದೆ ಬಿಟ್ಟ ಮಗುವಿಗೆ, ಸಾಯುವ ಮಾತಾಡುವ ಮಗುವಿಗೆ ಈ ಅಭ್ಯಾಸ ಸಾಲದು. ಒಂಟಿಯಾಗಿ ಬಿಡದೆ, ಅವತ್ತೇ ಮನೆಯವರಿಗೆ ತಿಳಿಸಿ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ.