ಬ್ಲಾಡರ್ ತೆಗೆಯೋ ಆಪರೇಷನ್‌ಗೆ ಮುಂಚೆ ಡಾಕ್ಟ್ರ ಹತ್ರ ಕೇಳಲೇಬೇಕಾದ್ದು

ಮೂತ್ರಚೀಲದ, ಅಂದ್ರೆ ಬ್ಲಾಡರ್‌ನ, ಕ್ಯಾನ್ಸರ್ ಗೋಡೆಯ ಮಾಂಸಖಂಡದವರೆಗೂ ಇಳಿದಿದೆ ಅಂತ ಬಯಾಪ್ಸಿಲಿ ಬಂದ್ರೆ ಬಹಳ ಜನಕ್ಕೆ ಬ್ಲಾಡರ್ ಪೂರ್ತಿ ತೆಗೀಬೇಕು ಅಂತಾರೆ. ಆಗ ನಮ್ಮ ದಾವಣಗೆರೆ ಕಡೆ ಮನೆಗಳಲ್ಲಿ ನಡೆಯೋ ಮಾತು ಎಷ್ಟು ಖರ್ಚು, ಆಯುಷ್ಮಾನ್ ಕಾರ್ಡ್ ನಡೆಯುತ್ತಾ, ಇಲ್ಲೇ ಮಾಡ್ಸೋದಾ ಬೆಂಗಳೂರು ಕಿದ್ವಾಯಿಗೆ ಹೋಗೋದಾ, ಇಷ್ಟೇ. ಆಮೇಲೆ ಗಂಡ ಹೆಂಡ್ತಿ ಸಂಬಂಧ ಏನಾಗುತ್ತೆ ಅನ್ನೋದು ಯಾರ ಬಾಯಲ್ಲೂ ಬರಲ್ಲ. ಆದ್ರೆ ಅದನ್ನ ಕೇಳೋ ಟೈಮು ಆಪರೇಷನ್‌ಗೆ ಮುಂಚೆನೇ, ಕತ್ತರಿಸಿದ ನರ ಆಮೇಲೆ ಯಾರು ಕೂಡ್ಸಿಕೊಡ್ತಾರೆ?

ಗಂಡಸರಿಗೆ ಬ್ಲಾಡರ್ ಜೊತೆ ಅದರ ಕೆಳಗಿರೋ ಪ್ರಾಸ್ಟೇಟ್ ಗ್ರಂಥಿ, ವೀರ್ಯದ ಚೀಲ ಎಲ್ಲಾ ತೆಗೀತಾರೆ. ನಿಮಿರೋದಕ್ಕೆ ಬೇಕಾದ ನರಗಳು ಇದೇ ಪ್ರಾಸ್ಟೇಟ್‌ನ ಎರಡೂ ಪಕ್ಕಕ್ಕೆ ಅಂಟ್ಕೊಂಡು ಹೋಗ್ತವೆ, ಕಣ್ಣಿಗೆ ಕಾಣೋದೇ ಕಷ್ಟ ಅಷ್ಟು ತೆಳ್ಳಗೆ. 1982ರಲ್ಲಿ ಅಮೆರಿಕದ ಪ್ಯಾಟ್ರಿಕ್ ವಾಲ್ಶ್ ಅನ್ನೋ ಸರ್ಜನ್ನು ಪ್ರಾಸ್ಟೇಟ್ ಆಪರೇಷನ್‌ನಲ್ಲಿ ಈ ನರ ಉಳಿಸಿ ತೋರಿಸಿದ್ರು, ಆಮೇಲೆ ಅದೇ ವಿಧಾನ ಬ್ಲಾಡರ್ ಆಪರೇಷನ್‌ಗೂ ಬಂತು. ಆದ್ರೆ ಎಲ್ರಿಗೂ ಆಗಲ್ಲ. ಗಡ್ಡೆ ಬ್ಲಾಡರ್ ಕುತ್ತಿಗೆ ಹತ್ರ ಇದ್ರೆ, ಪ್ರಾಸ್ಟೇಟ್ ಕಡೆ ಹಬ್ಬಿದ್ರೆ ನರ ಉಳಿಸೋಕೆ ಹೋಗಿ ಕ್ಯಾನ್ಸರ್ ಉಳಿದುಬಿಡಬಾರದು, ಇದನ್ನ ಡಾಕ್ಟ್ರು ಹೇಳಿದ್ರೆ ಒಪ್ಕೊಳ್ಳಿ, ಜೀವ ಮೊದಲು. ಒಂದು ಪಕ್ಕದ್ದು ಉಳಿದ್ರೂ ಸ್ವಲ್ಪ ಆಸೆ ಇರುತ್ತೆ, ಹಾಗಾಗಿ ‘ಎರಡೂ ಆಗದಿದ್ರೆ ಒಂದಾದ್ರೂ?’ ಅಂತ ಕೇಳೋದು ಬಿಡಬೇಡಿ.

ಚಿತ್ರದುರ್ಗದ ನಮ್ಮ ದೊಡ್ಡಪ್ಪನ ಜೊತೆ ಓಪಿಡಿಗೆ ಹೋದಾಗ ರೂಮಲ್ಲಿ ಮಗ, ಅಳಿಯ, ನಾನು, ಎಲ್ರೂ ನಿಂತಿದ್ವಿ. ‘ಇನ್ನೇನಾದ್ರೂ ಕೇಳೋದಿದೆಯಾ’ ಅಂತ ಡಾಕ್ಟ್ರು ಅಂದ್ರೆ ಅವರು ಸ್ಕ್ಯಾನ್ ಕವರ್ ಮೂಲೆ ಮಡಚ್ತಾ ಬಿಚ್ತಾ ‘ಏನಿಲ್ಲ ಸಾರ್’ ಅಂದ್ರು. ನಾವು ಬಿಲ್ ಕಟ್ಟಕ್ಕೆ ಹೋದ್ಮೇಲೆ ದೊಡ್ಡಮ್ಮನೇ ಕೇಳಿದ್ರಂತೆ, ಡಾಕ್ಟ್ರು ಹಾಳೆ ಮೇಲೆ ಚಿತ್ರ ಬರೆದು ಎಲ್ಲಾ ಹೇಳಿದ್ರಂತೆ. ಅದಕ್ಕೆ ಹೇಳೋದು, ಜೊತೆಗೆ ಬಂದೋರನ್ನ ಐದು ನಿಮಿಷ ಹೊರಗೆ ಕಳ್ಸಿ, ನಾಚಿಕೆ ಆದ್ರೆ ಚೀಟೀಲಿ ಬರ್ಕೊಂಡು ಹೋಗಿ ಕೊಡಿ. ನರ ಉಳಿಸೋ ಆಪರೇಷನ್ ನೀವೇ ಮಾಡ್ತೀರಾ, ಎಷ್ಟು ಮಾಡಿದ್ದೀರಾ ಅಂತಾನೂ ಕೇಳಿ. ರೋಬೋಟ್ ಇದ್ರೆ ಸಾಕು ಅನ್ನೋ ಲೆಕ್ಕ ಬೇಡ, ಪಳಗಿದ ಕೈ ಮುಖ್ಯ. ಕೆಲವರಿಗೆ ಬ್ಲಾಡರ್ ಉಳಿಸ್ಕೊಂಡೇ ಗಡ್ಡೆ ಕೆರೆದು ಕೀಮೋ, ರೇಡಿಯೇಷನ್ ಕೊಡೋ ದಾರಿನೂ ಇದೆ, ನಮಗೆ ಅದು ಹೊಂದುತ್ತಾ ಅಂತ ಕೇಳೋದ್ರಲ್ಲಿ ತಪ್ಪೇನಿಲ್ಲ. ಮುಂದೆ ಮಕ್ಕಳು ಬೇಕು ಅನ್ನೋ ವಯಸ್ಸಾದ್ರೆ ಕೀಮೋ ಶುರು ಆಗೋಕೆ ಮುಂಚೆನೇ ವೀರ್ಯ ಶೇಖರಿಸಿ ಇಡಿ.

ಹೆಂಗಸರ ವಿಷಯದಲ್ಲಂತೂ ಇನ್ನೂ ಮೌನ, ನನಗೆ ಸಂಕಟ ಆಗೋದೇ ಇಲ್ಲಿ. ಅವರಿಗೆ ಬ್ಲಾಡರ್ ಜೊತೆ ಗರ್ಭಕೋಶ, ಅಂಡಾಶಯ, ಯೋನಿಯ ಮುಂದಿನ ಗೋಡೆ ತೆಗೆಯೋದು ಹಳೇ ಪದ್ಧತಿ. ಗಡ್ಡೆ ಆ ಕಡೆ ಹಬ್ಬಿಲ್ಲ ಅಂದ್ರೆ ಇವನ್ನ ಉಳಿಸೋಕೆ ಆಗುತ್ತೆ. ‘ವಯಸ್ಸಾಯ್ತಲ್ಲ, ಇನ್ಯಾಕೆ’ ಅಂತ ಮನೆಯೋರೇ ತೀರ್ಮಾನ ಮಾಡೋದು ಬೇಡ, ಅವರನ್ನೇ ಕೇಳಿ. ಗೋಡೆ ತೆಗೆದ್ರೆ ಯೋನಿ ಸಣ್ಣದಾಗಿ ನೋವಾಗುತ್ತೆ, ಅದಕ್ಕೆ ನಿಧಾನವಾಗಿ ಅಗಲ ಮಾಡೋ ಡೈಲೇಟರ್, ಜಾರಿಕೆಗೆ ಲೂಬ್ರಿಕೆಂಟ್ ಜೆಲ್ ಇವೆ, ಒಣಗೋದಕ್ಕೆ ಈಸ್ಟ್ರೋಜನ್ ಕ್ರೀಮು ನಮಗೆ ಆಗುತ್ತಾ ಅಂತ ಡಾಕ್ಟ್ರನ್ನ ಕೇಳಬೇಕು.

ಆಪರೇಷನ್ ಡೇಟ್ ಸಿಕ್ಕ ದಿನದಿಂದ ಬೀಡಿ ಸಿಗರೇಟು ಪೂರ್ತಿ ಬಿಡಿ, ಶುಗರ್ ಹತೋಟಿಗೆ ತನ್ನಿ. ಈ ಕಾಯಿಲೆಗೆ ದೊಡ್ಡ ಕಾರಣವೇ ಹೊಗೆ, ನಿಮಿರೋ ಶಕ್ತಿ ಕೆಡಿಸೋದೂ ಅದೇ.

ಆಮೇಲೆ ಅವಸರ ಬೇಡ. ಉಳಿಸಿದ ನರಾನೂ ಎಳೆತಕ್ಕೆ ಮಂಕಾಗಿರುತ್ತೆ, ಚೇತರಿಸ್ಕೊಳ್ಳೋಕೆ ಒಂದೂವರೆ ಎರಡು ವರ್ಷ ಹಿಡೀಬಹುದು. ವೀರ್ಯ ಬರಲ್ಲ, ಆದ್ರೆ ಸುಖದ ಅನುಭವ ಬಹಳ ಜನಕ್ಕೆ ಉಳಿದಿರುತ್ತೆ. ನಿಮಿರೋದಕ್ಕೆ ಕೊಡೋ ಸಿಲ್ಡೆನಾಫಿಲ್, ಟಡಾಲಾಫಿಲ್ ಮಾತ್ರೆ ಡಾಕ್ಟ್ರು ಬರೆದ್ರೆ ಮಾತ್ರ ತಗೊಳ್ಳಿ, ಎದೆನೋವಿಗೆ ನಾಲಿಗೆ ಕೆಳಗೆ ಇಟ್ಕೊಳ್ಳೋ ನೈಟ್ರೇಟ್ ಮಾತ್ರೆ ತಗೊಳ್ಳೋರು ಈ ಸಿಲ್ಡೆನಾಫಿಲ್, ಟಡಾಲಾಫಿಲ್ ಮುಟ್ಟಲೇಬಾರದು, ಬಿಪಿ ದಿಢೀರ್ ಕುಸಿದು ಪ್ರಾಣಕ್ಕೇ ಬರುತ್ತೆ. ಮಾತ್ರೆ ಕೆಲಸ ಮಾಡಿಲ್ಲ ಅಂದ್ರೆ ವ್ಯಾಕ್ಯೂಮ್ ಪಂಪು, ಇಂಜೆಕ್ಷನ್, ಕೊನೆಗೆ ಆಪರೇಷನ್ ಮಾಡಿ ಶಿಶ್ನದ ಒಳಗೆ ಕೂರ್ಸೋ ಇಂಪ್ಲಾಂಟ್ ಇದೆ. ಬ್ಲಾಡರ್ ತೆಗೆದ್ಮೇಲೆ ಮೂತ್ರ ತುಂಬೋಕೆ ಹೊಟ್ಟೆ ಮೇಲೆ ಹೊರಗಡೆ ಅಂಟಿಸಿದ ಬ್ಯಾಗು ಇದ್ರೆ ಮೊದಲೇ ಖಾಲಿ ಮಾಡಿ, ಅಂಟು ಸರಿಯಾಗಿದೆಯಾ ನೋಡ್ಕೊಂಡು ಮೇಲೊಂದು ಅಗಲವಾದ ಬಟ್ಟೆ ಕಟ್ಕೊಳ್ಳಿ. ಕ್ಯಾನ್ಸರ್ ಕೂಡೋದ್ರಿಂದ ಅಂಟಲ್ಲ, ಹೆದರಿ ಬೇರೆ ಮಂಚ ಹಾಕ್ಕೊಳ್ಳೋರಿಗೆ ಇದನ್ನ ಹೇಳಿ.